ಸಿಂಹ ಮುಚ್ಚಿಟ್ಟ ಮೇಕೆ

ರುಪೆರ್ತಾ ಯಾರಿಗೂ ಹೆದರುವ ಹೆಂಗಸಲ್ಲ ಎಂದು ಪೋಸೊ ತುನಾಲ್ ಎಂಬ ಹಳ್ಳಿಯ ಹದಿನಾಲ್ಕು ಮನೆಗಳೂ ನಂಬಿದ್ದವು. ನಂಬದೆ ಏನು ಮಾಡುತ್ತವೆ? ಸೋಯಾ ಕಂಪನಿಯವರು ಪೊಲೀಸರನ್ನು ಬೆನ್ನಿಗಿಟ್ಟುಕೊಂಡು ಕಾಡು ಕೆಡವಲು ಬುಲ್ಡೋಜರ್ ತಂದ ವರ್ಷ, ಗಂಡಸರೆಲ್ಲ ಮುಳ್ಳುಬೇಲಿಯ ಹಿಂದೆ ನಿಂತು ಘೋಷಣೆ ಕೂಗುತ್ತಿದ್ದರೆ, ಇವಳು ಹೋಗಿ ಅದರ ಬಾಯಿಯ ಮುಂದೆ ಕಾಲು ಚಾಚಿ ಕೂತು ಕುಂಬಳಕಾಯಿ ಹೆಚ್ಚತೊಡಗಿದ್ದಳು. ಮೂರು ದಿನ ಲಾಕಪ್ಪಿನಲ್ಲಿಟ್ಟರು. ಹೊರಗೆ ಬಿಟ್ಟಾಗ ಇವಳು ಮೊದಲು ಕೇಳಿದ್ದು "ನನ್ನ ಚಾಕು ಎಲ್ಲಿ?" ಎಂದು. ಚಾಕು ಕೊಟ್ಟರು. ಮನೆ ಜಾಲಾಡಿದಾಗ ಎತ್ತಿಕೊಂಡು ಹೋಗಿದ್ದ ಗಂಡನ ಕಾಲದ ಬಂದೂಕನ್ನು ಮಾತ್ರ ಇವತ್ತಿಗೂ ಕೊಟ್ಟಿಲ್ಲ.

ಅವಳು ಹುಟ್ಟಿದ್ದು ಆ ಕುರುಚಲು ಕಾಡಿನಲ್ಲೇ. ಒಂಬತ್ತನೆಯ ವಯಸ್ಸಿಗೆ ಹತ್ತಿ ಬಿಡಿಸಲು ಹೋದಳು, ಹದಿನೇಳಕ್ಕೆ ಲಿಬೋರಿಯೊನ ಕುದುರೆಯ ಮೇಲೆ ಅವನ ಹಿಂದೆ ಕೂತು ಓಡಿಬಂದಳು. ನಾಲ್ಕು ಹೆತ್ತು ಎರಡನ್ನು ಮಣ್ಣುಮಾಡಿದಳು. ಲಿಬೋರಿಯೊ ಗುಂಡಿಗೆ ಊದಿ ಸತ್ತ ಮೇಲೆ ನಲವತ್ತಮೂರು ಮೇಕೆ, ಒಂದು ನಾಯಿ, ಒಂದು ಬಾವಿ ಇಟ್ಟುಕೊಂಡು ಬದುಕಿದಳು. ಯಾರ ಹಂಗೂ ಇಲ್ಲ. ತನ್ನದನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಆದರೆ ಒಂದಕ್ಕೆ ಹೆದರುತ್ತಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಪೂಮಾ ಎನ್ನುವುದು ಪಟ್ಟಣದವರ ಮಾತು. ಅಲ್ಲಿಯವರಿಗೆ ಅದು ಸಿಂಹ. ಕೇಸರವಿಲ್ಲದ, ಒಣಹುಲ್ಲಿನ ಬಣ್ಣದ, ಹೊಟ್ಟೆ ನೆಲಕ್ಕೆ ತಾಗುವಂತೆ ನಡೆಯುವ ಸಿಂಹ. ರುಪೆರ್ತಾಗೆ ಏಳು ವರ್ಷವಿದ್ದಾಗ ಒಂದು ಬೆಳಿಗ್ಗೆ ಎದ್ದು ನೋಡಿದರೆ, ಒಲೆಯ ಬೂದಿಯ ಮೇಲೆ ಅಂಗೈಯಗಲದ ಹೆಜ್ಜೆ ಮೂಡಿತ್ತು. ಅವಳು ಮಲಗಿದ್ದ ತೊಗಲಿನ ಹಾಸಿನಿಂದ ಎರಡು ಮೊಳ ದೂರ. ಯಾರ ಮೈಯೂ ಮುಟ್ಟದೆ, ಒಳಗೆ ಬಂದು, ಮಲಗಿದ್ದವರನ್ನೆಲ್ಲ ನೋಡಿಕೊಂಡು ಹೋಗಿತ್ತು. ಅಪ್ಪ "ಸಿಂಹ ಮನುಷ್ಯನ ಸ್ನೇಹಿತ, ನಮ್ಮ ತಂಟೆಗೆ ಬರಲ್ಲ" ಎಂದು ನಕ್ಕಿದ್ದ. ಎಲ್ಲರೂ ಹಾಗೇ ಹೇಳುವುದು. ಏಳು ವರ್ಷದ ಹುಡುಗಿ ಮಾತ್ರ ಆ ಬೂದಿಯನ್ನು ಮರೆಯಲಿಲ್ಲ. ಆಮೇಲೆ ಜಮೀನ್ದಾರರು ಬೇಟೆ ನಾಯಿ ಬಿಟ್ಟು, ವಿಷ ಇಟ್ಟು, ಸಿಂಹಗಳ ವಂಶವನ್ನೇ ತೆಗೆದರು. ಐವತ್ತು ವರ್ಷ ಆ ಸೀಮೆಯಲ್ಲಿ ಒಂದೂ ಕಾಣಲಿಲ್ಲ. ಜಮೀನ್ದಾರರು ಮಾಡಿದ ಕೆಲಸಗಳಲ್ಲಿ ರುಪೆರ್ತಾ ಒಳಗೊಳಗೇ ಮೆಚ್ಚಿಕೊಂಡದ್ದು ಅದೊಂದನ್ನೇ.

ಅಲ್ಲಿ ಮೇಕೆ ಸಾಕುವ ರೀತಿಯೇ ಬೇರೆ. ಕಾಯಲು ಯಾರೂ ಹೋಗುವುದಿಲ್ಲ. ಮರಿಗಳನ್ನು ದೊಡ್ಡಿಯಲ್ಲಿ ಕೂಡಿ ತಾಯಂದಿರನ್ನು ಕಾಡಿಗೆ ಬಿಟ್ಟುಬಿಡುತ್ತಾರೆ. ಸಂಜೆ ಕೆಚ್ಚಲು ಬಿಗಿದಾಗ ಅವು ತಾವಾಗಿ ಮನೆ ದಾರಿ ಹಿಡಿಯುತ್ತವೆ. ಹಾಲೇ ಕಾವಲುಗಾರ. ಆ ಜುಲೈ ತಿಂಗಳ ಒಂದು ಸಂಜೆ ಮೇಕೆಗಳು ಹೊತ್ತಿಗೆ ಮುಂಚೆಯೇ ಓಡುತ್ತಾ ಬಂದವು. ಒಂದು ಮಾತ್ರ ಬರಲಿಲ್ಲ, ಕಿವಿ ಸೀಳಿದ ಕಂದು ಮೇಕೆ. ಅದರ ಎರಡು ಮರಿಗಳು ಇಡೀ ರಾತ್ರಿ ಅರಚಿದವು.

ಬೆಳಿಗ್ಗೆ ರುಪೆರ್ತಾ ಸೆನೋನಾಳನ್ನು ಕರೆದುಕೊಂಡು ಹುಡುಕಲು ಹೋದಳು. ಸೆನೋನಾ ಅವಳ ಹಿರಿ ಮಗಳಿಗೆ ಜ್ಞಾನಸ್ನಾನದ ತಾಯಿ. ಆವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು "ಕೊಮಾದ್ರೆ" ಎಂದೇ ಕರೆಯುವುದು. ಸೆನೋನಾಗೆ ಎಪ್ಪತ್ತೆಂಟು. ಬೆನ್ನು ಬಾಗಿ ಮೂಗು ಮೊಣಕಾಲಿಗೆ ಮುಟ್ಟುವಂತಾಗಿದೆ. ಪಕ್ಕದಲ್ಲಿ ಡೋಲು ಬಡಿದರೂ ಕೇಳಿಸದಷ್ಟು ಕಿವುಡಿ. ಬಾಯಿ ಮಾತ್ರ ಚುರುಕು.

ಮೇಕೆ ಒಂದು ಮುಳ್ಳುಪೊದೆಯ ಕೆಳಗೆ ಸಿಕ್ಕಿತು. ಮೊದಲು ಕಂಡದ್ದು ಮೇಕೆಯಲ್ಲ, ಎಲೆ, ಪುಡಿ ಮಣ್ಣು, ಒಣ ಕಡ್ಡಿಗಳ ಗುಡ್ಡೆ. ಗುಡ್ಡೆಯಿಂದ ಒಂದು ಗೊರಸು ಹೊರಗೆ ಚಾಚಿತ್ತು. ಕೆದಕಿ ನೋಡಿದರೆ ಕತ್ತಿನಲ್ಲಿ ನಾಲ್ಕು ತೂತು. ಎದೆ ಬಗಿದು ಈಲಿ, ಗುಂಡಿಗೆ ತಿಂದಿತ್ತು. ತೊಡೆಗಳನ್ನು ಮುಟ್ಟಿರಲಿಲ್ಲ. ಆಮೇಲೆ ಅಂದವಾಗಿ ಮುಚ್ಚಿಟ್ಟಿತ್ತು, ಹೆಂಗಸರು ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಮುಚ್ಚಿಡುವ ಹಾಗೆ.

ರುಪೆರ್ತಾ ತಟ್ಟನೆ ಎದ್ದು ಸುತ್ತಲ ಪೊದೆಗಳ ಕಡೆ ನೋಡಿದಳು.

"ಸಿಂಹ ಕಣೇ," ಎಂದಳು ಸೆನೋನಾ, ಕಿವುಡರ ಗಟ್ಟಿ ದನಿಯಲ್ಲಿ. "ಉತ್ತರದ ಕಾಡೆಲ್ಲ ಬೋಳಿಸಿದ್ರಲ್ಲ ಆ ಸೋಯಾದೋರು. ಅದಾದ್ರೂ ಎಲ್ಲಿಗ್ ಹೋಗ್ಬೇಕು? ನಮ್ಮನೆಗೇ ನೆಂಟ ಬಂದವ್ನೆ."

"ಮೆತ್ತಗೆ ಮಾತಾಡು, ಕೊಮಾದ್ರೆ!"

"ಏನು?"

ರುಪೆರ್ತಾ ಬಾಯಿಗೆ ಬೆರಳಿಟ್ಟು ತೋರಿಸಿದಳು.

"ಯಾಕೆ, ಮಲಗಿದ್ದಾನಾ?" ಸೆನೋನಾ ಕಿಸಕ್ಕೆಂದಳು. ಆಮೇಲೆ ಗುಡ್ಡೆಯ ಕಡೆ ನೋಡಿ ನಗು ನಿಲ್ಲಿಸಿದಳು. "ನಮ್ಮಪ್ಪ ಹೇಳ್ತಿದ್ದ. ಸಿಂಹ ಮುಚ್ಚಿಟ್ಟಿದ್ದು ಸಿಂಹದ್ದು, ಬಿಟ್ಟು ಬಾ ಅಂತ. ತಿರುಗಿ ಮುಚ್ಚಿಬಿಡಣ ಬಾ."

ಅಲ್ಲೇ ತಪ್ಪಾದದ್ದು. ಹೆದರಿಕೆಯ ಮೇಲೆ ಸಿಟ್ಟು ಹತ್ತಿ ಕೂತರೆ ಬುದ್ಧಿ ಕೆಳಗಿಳಿಯುತ್ತದೆ. ಅಳತೆಗೋಲು ಹಿಡಿದು ಬಂದ ಕಂಪನಿಯವನೂ ಹೀಗೇ ಹೇಳಿದ್ದ: ಇಲ್ಲಿಂದ ಅಲ್ಲಿವರೆಗೆ ನಮ್ಮದು, ಬಿಟ್ಟುಬಿಡಿ.

"ಅದರಪ್ಪಂದಾ?" ಎಂದು ರುಪೆರ್ತಾ ಕೂಗಿದಳು. "ಹುಟ್ಟಿಸ್ದೋಳು ನಾನು, ಸಾಕ್ದೋಳು ನಾನು. ಎರಡು ಎಲೆ ಎಳೆದು ಮುಚ್ಚಿದ ಮಾತ್ರಕ್ಕೆ ಅದರದ್ದಾಗೋಯ್ತಾ? ನನ್ನ ಮೇಕೆ. ತಗೊಂಡೋಗ್ತೀನಿ."

ಗೋಣಿಚೀಲದ ಮೇಲೆ ಹಾಕಿ ಎಳೆದುಕೊಂಡು ಬಂದರು. ಅರ್ಧ ಗಂಟೆ ಹಾದಿ. ಉದ್ದಕ್ಕೂ ರಕ್ತದ ಗೆರೆ. ಮುಂಗಾಲಿನ ಮಾಂಸವನ್ನು ಎಳೆಎಳೆಯಾಗಿ ಸೀಳಿ, ಉಪ್ಪು ಸವರಿ, ತಂತಿಗೆ ಒಣಹಾಕಿದರು. ಒಂದು ತೊಡೆಯನ್ನು ಉಪ್ಪು ಹಾಕದೆ ಅಂಗಳದ ಅಲ್ಗಾರೋಬೊ ಮರಕ್ಕೆ ನೇತುಹಾಕಿದರು. ಇನ್ನೊಂದು ತೊಡೆಯನ್ನು ಸೆನೋನಾ ಮಡಿಲಿಗೆ ಹಾಕಿಕೊಂಡು ತನ್ನ ಗುಡಿಸಲಿಗೆ ಹೊತ್ತುಕೊಂಡು ಹೋದಳು. "ನಿನ್ನ ಹೊಟ್ಟೆ ತಣ್ಣಗಿರಲಿ, ಕೊಮಾದ್ರೆ. ಸಾಯಂಕಾಲ ಮಾತೆ ಕಷಾಯ ಕುಡಿಯೋಕೆ ಬರ್ತೀನಿ, ನೀರು ಕಾಯಿಸಿಟ್ಟಿರು."

ಬರುವುದು ದಿನದ ರೂಢಿ. ಹೊತ್ತು ಮುಳುಗುವಾಗ ಸೆನೋನಾ ಕಾಡಿನ ನಡುವಿನ ಕಾಲುದಾರಿ ಹಿಡಿದು ಬರುತ್ತಾಳೆ. ಇಬ್ಬರೂ ಒಂದೇ ಸೋರೆಬುರುಡೆಯಿಂದ, ಒಂದೇ ಕೊಳವೆಯಲ್ಲಿ ಆ ಕಹಿ ಕಷಾಯ ಹೀರುತ್ತಾ ಊರವರನ್ನೆಲ್ಲ ಬೈಯುತ್ತಾರೆ.

ಆ ಸಂಜೆ ರುಪೆರ್ತಾ ಒಲೆಯ ಮೇಲೆ ಕೆಟಲ್ ಇಟ್ಟಳು. ಇಟ್ಟ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಮರಿಗಳು ಅರಚುತ್ತಿರಲಿಲ್ಲ. ತಾಯಿ ಸತ್ತ ಆ ಎರಡು ಕೂಡ ಸುಮ್ಮನಾಗಿದ್ದವು. ಬಾಗಿಲಲ್ಲಿ ನಿಂತು ನೋಡಿದಳು. ಇಡೀ ಹಿಂಡು ದೊಡ್ಡಿಯ ಒಂದೇ ಮೂಲೆಗೆ ಒತ್ತರಿಸಿಕೊಂಡು, ಒಂದರ ಮೇಲೊಂದು ಹತ್ತಿ, ಎಲ್ಲವೂ ಒಂದೇ ದಿಕ್ಕಿಗೆ ಕತ್ತು ತಿರುಗಿಸಿ ನಿಂತಿತ್ತು. ನಾಯಿ ಕಾರ್ತೂಚೊ ಅವಳ ಕಾಲಸಂದಿಯಿಂದ ನುಗ್ಗಿ ಒಳಗೆ ಓಡಿ ಮಂಚದ ಕೆಳಗೆ ಸೇರಿತು. ಪೊಲೀಸರ ತೊಡೆ ಕಚ್ಚಿದ್ದ ನಾಯಿ.

ಸಿಂಹ ಮರದ ಆಚೆ, ಕಾಲುದಾರಿ ಅಂಗಳಕ್ಕೆ ಸೇರುವ ಕಡೆ ಕೂತಿತ್ತು. ಅಡಗಿಕೊಂಡಿರಲಿಲ್ಲ. ಮುಂಗಾಲು ಜೋಡಿಸಿ, ಬಾಲ ಸುತ್ತಿ, ಬೆಕ್ಕು ಕೂತ ಹಾಗೆ ಕೂತು ನೇತಾಡುವ ತೊಡೆಯನ್ನು ನೋಡುತ್ತಿತ್ತು. ಆಮೇಲೆ ತಲೆ ತಿರುಗಿಸಿ ಅವಳನ್ನು ನೋಡಿತು.

ರುಪೆರ್ತಾಳ ತೊಡೆಗಳ ಮೇಲೆ ಬಿಸಿಯಾಗಿ ಇಳಿಯಿತು. ಉಚ್ಚೆ ಎಂದು ಗೊತ್ತಾದರೂ ತಡೆಯಲಾಗಲಿಲ್ಲ. ಒಳಗೆ ಸರಿದು ಹಲಗೆ ಬಾಗಿಲು ಎಳೆದಳು. ಅಗಳಿ ಹಾಕಹೋದಳು. ಎರಡು ಸಲ ಜಾರಿತು. ಹಾಕಿದ ಮೇಲೆ ಗೋಡೆಗೊರಗಿ ನೆಲಕ್ಕೆ ಕುಸಿದಳು. ಬರಲಿ, ತಿನ್ನಲಿ, ಹೋಗಲಿ. ಬೆಳಗಾಗುವತನಕ ತೆಗೆಯುವುದಿಲ್ಲ. "ಮರಿಯಮ್ಮ ತಾಯೇ, ತಾಯೇ, ತಾಯೇ," ಎಂದಷ್ಟೇ ಬಾಯಿಗೆ ಬಂತು. ಮುಂದಿನ ಪ್ರಾರ್ಥನೆ ಮರೆತುಹೋಗಿತ್ತು.

ಕೆಟಲ್ ಸೀಟಿ ಹೊಡೆಯತೊಡಗಿತು. ಆಗ ನೆನಪಾಯಿತು, ನೀರು ಯಾರಿಗಾಗಿ ಕಾಯುತ್ತಿದೆ ಎಂದು.

ಸೆನೋನಾ ಹೊರಟಿರುತ್ತಾಳೆ. ಅದೇ ಕಾಲುದಾರಿ. ಕೂಗಿದರೆ ಕೇಳಿಸುವುದಿಲ್ಲ. ಬಾಗಿದ ಬೆನ್ನು, ದೂರದಿಂದ ನೋಡಿದವರಿಗೆ ನಾಲ್ಕು ಕಾಲಿನದೇ ಅನ್ನಿಸಬೇಕು. ಮೇಲೆ ಬೆಳಿಗ್ಗೆ ಮಾಂಸ ಹೊತ್ತ ಅದೇ ಮಡಿಲ ಬಟ್ಟೆ. ಆ ಮುದುಕಿ ಭಾನುವಾರಕ್ಕೆ ಮುಂಚೆ ಒಗೆಯುವವಳಲ್ಲ. ಮೇಕೆಯ ವಾಸನೆ ಹೊಡೆಯುತ್ತಾ, ನೆಲ ನೋಡಿಕೊಂಡು, ನೇರ ಅದರ ಬೆನ್ನ ಹಿಂದಕ್ಕೇ ಬರುತ್ತಾಳೆ.

ಹಲಗೆಯ ಬಿರುಕಿನಿಂದ ನೋಡಿದಳು. ಸಿಂಹ ಎದ್ದು ನಿಂತಿತ್ತು. ತೊಡೆಯ ಕಡೆ ಅದರ ಬೆನ್ನಿತ್ತು. ಕಾಲುದಾರಿಯ ಕಡೆ ಕಿವಿ ನಿಮಿರಿಸಿ, ಮೈಯನ್ನು ನಿಧಾನವಾಗಿ ನೆಲಕ್ಕೆ ಇಳಿಸುತ್ತಿತ್ತು.

ಅಗಳಿ ಹೇಗೆ ತೆಗೆದಳೋ ಅವಳಿಗೇ ಗೊತ್ತಿಲ್ಲ. ಧೈರ್ಯ ಬಂತು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಹಲ್ಲು ಕಟಕಟ ಎನ್ನುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒದ್ದೆ ಲಂಗ ಕಾಲಿಗೆ ಅಂಟಿತ್ತು. ಮರದ ಹತ್ತಿರ ಹೋಗಿ ಚಾಕುವಿನಿಂದ ಹಗ್ಗ ಕುಯ್ದಳು. ತೊಡೆ ಧೊಪ್ಪೆಂದು ಬಿತ್ತು. ಸಿಂಹ ಗಿರಕ್ಕನೆ ತಿರುಗಿತು. ಈಗ ಇಬ್ಬರ ನಡುವೆ ಹತ್ತು ಹೆಜ್ಜೆ.

ಹಿರಿಯರು ಹೇಳುತ್ತಿದ್ದರು, ಸಿಂಹದ ಜೊತೆ ಮರ್ಯಾದೆಯಿಂದ ಮಾತಾಡಬೇಕು, ಅರ್ಥವಾಗುತ್ತದೆ ಎಂದು. ರುಪೆರ್ತಾಗೆ ಮರ್ಯಾದೆ ಮಾತು ಒಂದೂ ಹೊಳೆಯಲಿಲ್ಲ.

"ತಗೊಳ್ಳಪ್ಪ," ಎಂದಳು. ದನಿ ಇಲಿ ಕೀಚಿದ ಹಾಗಿತ್ತು. "ನಿಂದೇ. ನಾನು ಕಳ್ಳಿ. ಒಪ್ಪಿದೆ. ತಗೊಂಡು ಹೋಗು. ಅವಳು ಬರೀ ಮೂಳೆ ಕಣಪ್ಪ, ಅವಳಲ್ಲಿ ಏನೂ ಇಲ್ಲ."

ತೊಡೆಯನ್ನು ಎರಡೂ ಕೈಯಲ್ಲಿ ಬೀಸಿ ಎಸೆದಳು. ಅದು ಅರ್ಧ ದಾರಿಗೇ ಬಿತ್ತು. ಸಿಂಹ ಅಲ್ಲಾಡಲಿಲ್ಲ. ಅದರ ಹಿಂದೆ ಪೊದೆ ಸರಿಯಿತು. ಬಗ್ಗಿದ ಕಪ್ಪು ತಲೆವಸ್ತ್ರವೊಂದು ಹೊರಬಂತು.

ಸೆನೋನಾ ನೆಲ ನೋಡುತ್ತಲೇ ನಾಲ್ಕು ಹೆಜ್ಜೆ ಹಾಕಿದಳು. ರುಪೆರ್ತಾ ಎರಡೂ ಕೈ ಮೇಲೆತ್ತಿ ಬೀಸಿದಳು. ಮುದುಕಿ ತಲೆಯೆತ್ತಿ, ಕೊಮಾದ್ರೆಯನ್ನು ನೋಡಿ, "ಏನೇ ಅದು, ಕುಣೀತಾ ಇದ್ದೀಯಾ?" ಎಂದು ಕಿರುಚಿದಳು. ಆಮೇಲೆ ಕಣ್ಣು ಕೆಳಗಿಳಿಯಿತು. ನಡುವೆ ಇದ್ದದ್ದು ಕಂಡಿತು. ನಿಂತಲ್ಲೇ ನಿಂತಳು.

ಸಿಂಹ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿತು. ರುಪೆರ್ತಾ ಮುಂದಕ್ಕೆ ನಡೆದಳು. ಬೇರೆ ದಾರಿಯಿರಲಿಲ್ಲ. ಅದನ್ನು ಬಳಸಿಕೊಂಡು, ಮುಳ್ಳು ಕಳ್ಳಿಗೆ ಭುಜ ತರಚಿಕೊಂಡು, ಅದರ ಮುಖದಿಂದ ಕಣ್ಣು ತೆಗೆಯದೆ, ಒಂದೊಂದೇ ಹೆಜ್ಜೆ. ಅದರ ಉಸಿರಿನ ಸದ್ದು ಕೇಳಿಸುತ್ತಿತ್ತು. ಮೀಸೆಯ ಮೇಲೆ ಒಣಗಿದ ರಕ್ತ ಕಾಣುತ್ತಿತ್ತು. ಸೆನೋನಾಳ ಮಡಿಲ ಬಟ್ಟೆಯ ಗಂಟು ಬಿಚ್ಚಿ ದೂರ ಎಸೆದು, ಅವಳ ರಟ್ಟೆ ಹಿಡಿದುಕೊಂಡಳು. ಇಬ್ಬರೂ ಬೆನ್ನು ತೋರಿಸದೆ, ಏಡಿಗಳ ಹಾಗೆ ಅಡ್ಡಡ್ಡ ನಡೆದು ಮನೆ ಸೇರಿದರು.

ಅಗಳಿ ಹಾಕಿದ ಮೇಲೆ ಬಿರುಕಿಗೆ ಕಣ್ಣಿಟ್ಟಳು. ಸಿಂಹ ನಿಧಾನವಾಗಿ ಬಂದು, ತೊಡೆ ಮೂಸಿ, ಕಚ್ಚಿ ಎತ್ತಿಕೊಂಡು, ಅವಸರವಿಲ್ಲದೆ ಕಾಡಿಗೆ ಇಳಿಯಿತು.

ಕೆಟಲ್ಲಿನ ನೀರೆಲ್ಲ ಬತ್ತಿ ತಳ ಸುಡುತ್ತಿತ್ತು. ಸೆನೋನಾ ಮಂಚದ ಮೇಲೆ ಕೂತಳು. ಮೂಗು ಅರಳಿಸಿ, "ಯಾರೋ ಉಚ್ಚೆ ಹುಯ್ದವ್ರೆ," ಎಂದಳು.

"ನಾನೇ."

"ಏನು?"

"ನಾನೇ ಕಣೇ, ನಾನೇ!" ಎಂದು ರುಪೆರ್ತಾ ಅವಳ ಕಿವಿಗೆ ಬಾಯಿಟ್ಟು ಕೂಗಿದಳು. "ಹೆದರಿ ಉಚ್ಚೆ ಹುಯ್ಕೊಂಡೆ!"

ಮುಂದಿನ ಭಾನುವಾರ, ಕಂಪನಿಯ ವಿರುದ್ಧ ಊರವರು ಕಟ್ಟಿಕೊಂಡ ಸಂಘದ ಸಭೆ. ಸಿಂಹದ ಎದುರು ನಿಂತ ಗಂಡೆದೆಯವಳು ಎಂದು ಒಬ್ಬ ಚಪ್ಪಾಳೆ ಶುರುಮಾಡಿದ. ರುಪೆರ್ತಾ ಎದ್ದು ನಿಂತಳು. "ಸಾಕು ನಿಲ್ಲಿಸ್ರೋ. ನಂಗೆ ಈಗ್ಲೂ ಹೆದರಿಕೆ. ಹಗಲು ಹೊತ್ತು ಬಾವಿಗೆ ಹೋಗೋಕೂ ಹೆದರಿಕೆ. ಮೇಕೆ ಕಾಯೋಕೆ ಸರದಿ ಮೇಲೆ ಇಬ್ಬಿಬ್ಬರು ಬನ್ನಿ. ಅದು ಮುಚ್ಚಿಟ್ಟಿದ್ದನ್ನ ಯಾರೂ ಮುಟ್ಟಬೇಡಿ." ಸರದಿ ಬರೆದುಕೊಂಡರು. ಅರ್ಧ ಜನ ಬಂದರು, ಅರ್ಧ ಜನ ಬರಲಿಲ್ಲ. ಸಂಘ ಎಂದರೆ ಅಷ್ಟೇ.

ಸೆನೋನಾಗೆ ಮಾತ್ರ ಬುದ್ಧಿ ಹೇಳಲಾಗಲಿಲ್ಲ. ನನ್ನ ಮನೆಗೇ ಬಂದಿರು ಎಂದರೆ ನಿನ್ನ ಗೊರಕೆ ಯಾರು ಕೇಳುತ್ತಾರೆ ಎಂದಳು. ಕಿವುಡಿ! ಸಂಜೆ ಬರುವುದನ್ನು ನಿಲ್ಲಿಸು ಎಂದರೆ, ಮಾತೆ ಕಷಾಯ ಒಬ್ಬಳೇ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಎಂದಳು.

ಹಾಗಾಗಿ ಈಗ ಹೊತ್ತು ಇಳಿಯುತ್ತಿದ್ದಂತೆ ರುಪೆರ್ತಾ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಸ್ವಲ್ಪ ಹೊತ್ತು ಕಾಲು ಏಳುವುದಿಲ್ಲ. ಆಮೇಲೆ ತಗಡಿನ ಡಬ್ಬಿಯೊಂದನ್ನು ಬಡಿಯುತ್ತಾ, ಪ್ರತಿ ಪೊದೆಯನ್ನೂ ಎರಡೆರಡು ಸಲ ನೋಡುತ್ತಾ, ಬೆನ್ನಲ್ಲಿ ಬೆವರು ಹರಿಸಿಕೊಂಡು ಆ ಕಾಲುದಾರಿಯಲ್ಲಿ ಕರೆತರಲು ಹೋಗುತ್ತಾಳೆ. ಗುಡಿಸಲಿನ ಮುಂದೆ ಮುದುಕಿ ಆಗಲೇ ತಲೆವಸ್ತ್ರ ಕಟ್ಟಿಕೊಂಡು ಕೂತಿರುತ್ತಾಳೆ.

"ಎಷ್ಟು ಹೊತ್ತು ಮಾಡ್ತೀಯೇ, ಕೊಮಾದ್ರೆ?"

"ಹೆದರಿಕೊಂಡು ಬರಬೇಕಲ್ಲ. ಅದಕ್ಕೂ ಹೊತ್ತು ಹಿಡಿಯುತ್ತೆ."

"ಏನು?"

"ಏಳು ಅಂದೆ."