ಮಾವನ ಮೀಟರಿನಲ್ಲಿ ಬೆಕ್ಕಿನ ಶುಗರ್

ಬೆಕ್ಕಿಗೂ ಶುಗರ್ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಬಂದದ್ದು ನಮ್ಮನೆ ಬೆಕ್ಕಿಗೇ. ಮೊದಲು ಕಂಡುಹಿಡಿದವರು ನಮ್ಮತ್ತೆ. ಬಚ್ಚಲ ಬಕೆಟ್ಟಿಗೆ ಮೂತಿ ಇಟ್ಟು ಅದು ನೀರು ಕುಡಿದೇ ಕುಡಿಯುತ್ತಿತ್ತು. ಹಿತ್ತಲಲ್ಲಿ ಉಚ್ಚೆ ಹೊಯ್ದ ಕಡೆಯೆಲ್ಲ ಇರುವೆ ಮುತ್ತುತ್ತಿದ್ದವು.

“ನಿಮ್ಮಾವಂಗೂ ಹಿಂಗೇ ಇರುವೆ ಮುತ್ತಿದ್ವು ಕಣವ್ವ. ಇದುಕ್ಕೂ ಸಕ್ಕರೆ ಕಾಯ್ಲೆನೇ” ಅಂದರು.

ಸುಮ್ಮನಿರಿ ಅತ್ತೆ ಎಂದೆ. ಆದರೂ ಬುಟ್ಟಿಯಲ್ಲಿಟ್ಟುಕೊಂಡು ಶಿರಾದ ಪಶುವೈದ್ಯರೊಬ್ಬರ ಬಳಿಗೆ ಹೋದೆ. ಅಲ್ಲಿ ಕುರಿ ಹಿಡಿದು ನಿಂತಿದ್ದವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. ರಕ್ತ ನೋಡಿದರೆ ನಾನೂರ ಹನ್ನೆರಡು! ಮಾವ ಕೊನೆಗೆ ಕಾಲು ಕೊಳೆತು ಸತ್ತದ್ದು ಈ ಕಾಯಿಲೆಯಲ್ಲೇ.

ಮಾವ ಶುಗರ್ ನೋಡಿಕೊಳ್ಳುತ್ತಿದ್ದ ಮೀಟರು ಬೀರುವಿನಲ್ಲೇ ಇತ್ತು. ಹೊಸ ಸೆಲ್ ಹಾಕಿ, ರಕ್ತ ಮುಟ್ಟಿಸುವ ಹೊಸ ಪಟ್ಟಿ ತಂದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬೆಕ್ಕಿನ ಕಿವಿಗೆ ಒತ್ತಿ, ಹಿಂದೆ ಹತ್ತಿ ಹಿಡಿದು, ಅಂಚಿನಲ್ಲಿ ಚುಚ್ಚಿದರೆ ಸಾಸಿವೆ ಕಾಳಿನಷ್ಟು ರಕ್ತ ಬರುತ್ತದೆ. ಮೊದಲ ವಾರ ನನ್ನ ಕೈಯೆಲ್ಲ ಪರಚಿ ಹಾಕಿತು. ಆಮೇಲೆ ಕಿವಿ ಮುಟ್ಟಿದರೆ ಕಣ್ಣು ಮುಚ್ಚಿಕೊಂಡು ಕೂರುವಷ್ಟು ಬುದ್ಧಿ ಬಂತು. ದಿನಕ್ಕೆರಡು ಸಲ ಇನ್ಸುಲಿನ್. ಡಾಕ್ಟರು ಒಂದೇ ಮಾತನ್ನು ಮೂರು ಸಲ ಹೇಳಿದ್ದರು: “ಮೇಡಂ, ಮೊದ್ಲು ತಿನ್ಬೇಕು, ಆಮೇಲೆ ಇಂಜೆಕ್ಷನ್. ಉಲ್ಟಾ ಮಾಡ್ಬೇಡಿ.”

ಹುಲಿಕುಂಟೆ ಕಡೆಯ ಶಾಲೆಯೊಂದರಲ್ಲಿ ನಾನು ಟೀಚರು. ಮಕ್ಕಳಿಗೆ ಒಂದು ಮಾತನ್ನು ಎರಡನೇ ಸಲ ಹೇಳಬೇಕಾದರೆ ನನಗೆ ಮೈ ಉರಿಯುತ್ತದೆ. ಅಂಥವಳೇ ಉಲ್ಟಾ ಮಾಡಿದೆ. ಶನಿವಾರ ಬೆಳಗಿನ ಶಾಲೆ, ಏಳಕ್ಕೆ ಮುಂಚೆ ಬಸ್ಸು. ಈ ಮಹಾರಾಣಿಯೋ ಒಂದು ಮೊಟ್ಟೆ ತಿನ್ನಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದಳು. ಹಾಗಾಗಿ ಶನಿವಾರಗಳಲ್ಲಿ ನಾನು ಇಂಜೆಕ್ಷನ್ ಚುಚ್ಚಿ ಓಡುವುದು, ಹಿಂದೆಯೇ ಅತ್ತೆ ಮೊಟ್ಟೆ ಬೇಯಿಸಿ ಹಿತ್ತಲ ಬಾಗಿಲಲ್ಲಿ ಹಾಕುವುದು ಎಂದಾಯಿತು. ಬೆಕ್ಕು ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ, ಅತ್ತೆ ಅದನ್ನು ಕೈಯಲ್ಲಿ ಮುಟ್ಟಿದವರೂ ಅಲ್ಲ. ಆದರೂ ಮೂರ್ನಾಲ್ಕು ಶನಿವಾರ ಏನೂ ಆಗಲಿಲ್ಲ. ಏನೂ ಆಗದಿದ್ದಕ್ಕೆ ನನಗೆ ಧೈರ್ಯ ಬಂತು.

ಆಮೇಲೆ ಶ್ರಾವಣದ ಮೊದಲ ಶನಿವಾರ ಬಂತು. ನಮ್ಮನೆ ದೇವರು ತಿಮ್ಮಪ್ಪ. ಅವತ್ತು ಒಪ್ಪೊತ್ತು. ಮನೆಯೆಲ್ಲ ತೊಳೆದು, ಪೂಜೆ ಮುಗಿದು ಎಡೆ ಇಡುವವರೆಗೆ ಯಾರ ಬಾಯಿಗೂ ಅನ್ನವಿಲ್ಲ. ಮೊಟ್ಟೆಯ ಮಾತೇ ಇಲ್ಲ. ನನಗೆ ಅದು ಗೊತ್ತಿರಲಿಲ್ಲವೇ? ಬೆಳಿಗ್ಗೆ ನಾನೇ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದೆ. ಆ ಕೈಯಲ್ಲೇ ಬೆಕ್ಕಿಗೆ ಸೂಜಿ ಚುಚ್ಚಿ ಬಸ್ಸಿಗೆ ಓಡಿದೆ.

ಮಧ್ಯಾಹ್ನ ಬಂದಾಗ ಬೆಕ್ಕು ಮಂಚದ ಕೆಳಗೆ ಬಿದ್ದಿತ್ತು. ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಕೈಯಿಂದ ಜೋತುಬಿತ್ತು. ಕಣ್ಣು ತೆರೆದೇ ಇದೆ, ನನ್ನನ್ನು ನೋಡುತ್ತಿಲ್ಲ. ಹಿಂಗಾಲು ಪಟಪಟ ಅದುರುತ್ತಿತ್ತು. ಕಿವಿ ಚುಚ್ಚಿದೆ. ಮೀಟರು ಇಪ್ಪತ್ತಾರು ಅಂತು. ಮೀಟರು ಕೆಟ್ಟಿದೆ ಎಂದುಕೊಂಡೆ. ಇನ್ನೊಂದು ಪಟ್ಟಿ ಹಾಕಿದೆ. ಇಪ್ಪತ್ತೈದು.

ಅಯ್ಯಯ್ಯೋ! ಮರುಕ್ಷಣವೇ ಸಿಟ್ಟು ನೆತ್ತಿಗೇರಿತು.

“ಅತ್ತೆ, ಇದಕ್ಕೆ ಏನು ಹಾಕಿದ್ರಿ?”

ಅತ್ತೆ ಒದ್ದೆ ಸೀರೆಯಲ್ಲಿ ದೇವರ ಮುಂದೆ ಬಾಳೆ ಎಲೆ ಹಾಸುತ್ತಿದ್ದರು. “ಏನೂ ಇಲ್ಲ. ಒಪ್ಪೊತ್ತಲ್ವಾ?”

“ಬೆಕ್ಕಿಗೇನ್ರೀ ಒಪ್ಪೊತ್ತು? ಸಾಯಿಸ್ಬುಟ್ರಲ್ಲ ಅದನ್ನ!”

ಕೂಗಿದೆ, ಬೀದಿಗೆ ಕೇಳುವ ಹಾಗೆ. ಅತ್ತೆ ಎದ್ದು ಬಂದು ಬೆಕ್ಕನ್ನು ನೋಡಿದರು. ಮುಖ ಬಿಳಿಚಿಕೊಂಡಿತು.

“ನಿಮ್ಮಾವ ಒಪ್ಪೊತ್ತಿನ ದಿನ ಮಾತ್ರೆ ನುಂಗ್ತಿರ್ನಿಲ್ಲ. ಹಸಿದ ಹೊಟ್ಟೆಗೆ ನುಂಗ್ಬ್ಯಾಡಿ ಅಂತ ಡಾಕ್ಟ್ರೇ ಹೇಳಿದ್ರು. ನೀನು ಓದ್ದೋಳು, ಇವತ್ತು ಸೂಜಿ ಹಾಕಿರಾಕಿಲ್ಲ ಅನ್ಕಂಡೆ ಕಣವ್ವ. ಹಾಕ್ಬುಟ್ಯಾ?”

ಬೆಳಿಗ್ಗೆ ಚುಚ್ಚಿದ ಆ ಸಿರಿಂಜು ಕಿಟಕಿಯ ಮೇಲೇ ಇತ್ತು. ಅತ್ತೆ ಅದನ್ನು ನೋಡಿದರು, ನಾನೂ ನೋಡಿದೆ. ಅಲ್ಲಿಯವರೆಗೆ ಕೊಂದವರು ಅತ್ತೆ ಎಂದಿದ್ದೆ. ಕೊಂದವಳು ನಾನು.

ಡಾಕ್ಟರಿಗೆ ಫೋನು ಮಾಡಿದೆ. “ಜೇನುತುಪ್ಪ ಇದ್ಯಾ? ಒಸಡಿಗೆ ಸವರಿ. ಬಾಯಿಗೆ ಸುರೀಬೇಡಿ, ಉಸಿರು ಕಟ್ಟುತ್ತೆ. ಈಗ್ಲೇ ಮಾಡಿ.”

ಮನೆಯಲ್ಲಿದ್ದ ಜೇನೆಲ್ಲ ದೇವರ ಮುಂದಿನ ಬಟ್ಟಲಲ್ಲಿತ್ತು. ಪೂಜೆ ಇನ್ನೂ ಆಗಿರಲಿಲ್ಲ. ಎಡೆಗೆ ಮುಂಚೆ ಮಕ್ಕಳು ಬೆರಳಿಟ್ಟರೂ ಬಯ್ಯುವ ನಮ್ಮತ್ತೆ ಆ ಬಟ್ಟಲನ್ನು ಎತ್ತಿಕೊಂಡು ಬಂದು ನೆಲದ ಮೇಲೆ ಕೂತರು. ಬೆಕ್ಕಿನ ತಲೆಯನ್ನು ಮಡಿ ಸೀರೆಯ ಮೇಲೆ ಇಟ್ಟುಕೊಂಡರು. ತುಟಿ ಬಿಡಿಸಿ ಜೇನು ಸವರಿದರು. ಮತ್ತೆ ಅದ್ದಿದರು, ಮತ್ತೆ ಸವರಿದರು.

“ನುಂಗು ತಾಯಿ, ನುಂಗು.”

ಎಷ್ಟು ಹೊತ್ತಾಯಿತೋ. ನಾಲಿಗೆ ಒಮ್ಮೆ ಆಡಿತು. ಆಮೇಲೆ ಅತ್ತೆಯ ಬೆರಳು ನೆಕ್ಕಿತು. ನಾನು ಚುಚ್ಚಲು ಹೋದರೆ ಕೈ ಅದುರಿ ಕಿವಿ ಸಿಗಲೇ ಇಲ್ಲ. ಕಿವಿಯನ್ನು ಬಿಗಿಯಾಗಿ ಹಿಡಿದುಕೊಟ್ಟವರೂ ಅತ್ತೆಯೇ. ಐವತ್ತೆಂಟು. ಇನ್ನೊಂದಿಷ್ಟು ಹೊತ್ತಿಗೆ ತೊಂಬತ್ತು. ಬೆಕ್ಕು ತೂರಾಡುತ್ತಾ ಎದ್ದು ನಿಂತಾಗ ನಾನು ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅದಕ್ಕೆ ತಿನ್ನಿಸಿ ಡಾಕ್ಟರ ಹತ್ತಿರ ಕರೆದೊಯ್ದು ತೋರಿಸಿ ಬರುವ ಹೊತ್ತಿಗೆ ಸಂಜೆಯಾಗಿತ್ತು. ಅತ್ತೆ ಮತ್ತೆ ಸ್ನಾನ ಮಾಡಿ ಪೂಜೆ ಮುಗಿಸಿದ್ದರು. ನಾನು ಕೂಗಿದ ಮಾತಿಗೆ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಮುಂದಿನ ಶನಿವಾರ ಸಿರಿಂಜು ಹಿಡಿದು ಹಿತ್ತಲಿಗೆ ಬಂದರೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೂರು ಇಟ್ಟಿಗೆಯ ಒಲೆ ಉರಿಯುತ್ತಿತ್ತು. ಅದರ ಮೇಲೊಂದು ಹಳೇ ಪಾತ್ರೆ. ಮನೆಯಲ್ಲಿ ಒಪ್ಪೊತ್ತು. ಅತ್ತೆ ಹಸಿದ ಹೊಟ್ಟೆಯಲ್ಲಿ ಕೂತು ಮೊಟ್ಟೆ ಸುಲಿಯುತ್ತಿದ್ದರು.

“ಅತ್ತೆ, ಬಸ್ಸಿಗೆ ಹೊತ್ತಾಯ್ತು” ಎಂದೆ.

ಅವರು ತಲೆ ಎತ್ತಲಿಲ್ಲ. ಕೈ ಮಾತ್ರ ಚಾಚಿದರು. “ಸೂಜಿ ಇಲ್ಲಿ ಕೊಡು. ತಿಂದಾದ್ಮ್ಯಾಲೆ ಈಸ್ಕೊಳುವಂತೆ.”

ಕೊಟ್ಟೆ. ಬೆಕ್ಕು ನಿಧಾನವಾಗಿ ತಿಂದಿತು. ಬಸ್ಸು ಹೋಯಿತು.