ವಾರಗಿತ್ತಿ ಕೊಟ್ಟ ಹೆಪ್ಪು

ಊರಿನ ಬಸ್ಸುಗಳಿಗೆ ಇಂಧನ ತಯಾರಿಸುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಮಾರುಕಟ್ಟೆಯಲ್ಲಿ ಉಳಿದ ಕೊಳೆತ ಹಣ್ಣು, ಸಿಪ್ಪೆ, ಒಣಗಿದ ಬ್ರೆಡ್ಡುಗಳನ್ನು ಅರೆದು, ಬೇಯಿಸಿ, ಆರಿಸಿ, ಉಕ್ಕಿನ ತೊಟ್ಟಿಗೆ ಬಿಟ್ಟು ಯೀಸ್ಟ್ ಸೇರಿಸುವುದು ಅವಳ ಕೆಲಸ. ಕಣ್ಣಿಗೆ ಕಾಣದ ಆ ಜೀವಿಗಳು ಸಿಹಿಯನ್ನೆಲ್ಲ ತಿಂದು ಸ್ಪಿರಿಟ್ ಮಾಡಿಕೊಡುತ್ತಿದ್ದವು. ಆ ಯೀಸ್ಟಿಗೆ ಅಲ್ಲಿಯವರು ಹೆಪ್ಪು ಎನ್ನುತ್ತಿದ್ದರು. ತೊಟ್ಟಿಗೆ ಕಿವಿಯಿಟ್ಟು ಗುಳುಗುಳು ಸದ್ದು ಕೇಳಿದರೆ ಸಾಕು, ಅವಳ ಮುಖ ಅರಳುತ್ತಿತ್ತು.

ಮೈದುನನ ಹೆಂಡತಿಯನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವಳೂ ಅವಳೇ. ಪಕ್ಕದ ತೊಟ್ಟಿಯನ್ನು ಕೊಡಿಸಿ, ಎಲ್ಲವನ್ನೂ ಕೈಹಿಡಿದು ಕಲಿಸಿದಳು. ವರ್ಷ ತುಂಬುವುದರೊಳಗೆ ಕಿರಿಯವಳ ತೊಟ್ಟಿ ಅವಳದಕ್ಕಿಂತ ಹೆಚ್ಚು ಸ್ಪಿರಿಟ್ ಕೊಡತೊಡಗಿತು.

"ಕೈಗುಣ ಅಂದ್ರೆ ಇದು!" ಎಂದರು ಮೇಲ್ವಿಚಾರಕರು. ಮನೆಗೆ ಬಂದರೆ ಅತ್ತೆಯದೂ ಅದೇ ರಾಗ. ದೊಡ್ಡಕ್ಕ ಮೇಲೆ ಮೇಲೆ ನಕ್ಕಳು. ಒಳಗೆ ಹೊಟ್ಟೆ ಉರಿಯುತ್ತಿತ್ತು. ಕಿರಿಯವಳು ತುರುಬು ಕಟ್ಟುವ ರೀತಿ, ಕೆಲಸದ ನಡುವೆ ಗುನುಗುವ ಹಾಡು, ಕೊನೆಗೆ ಅವಳು 'ಅಕ್ಕ' ಎನ್ನುವ ದನಿಯನ್ನೂ ಸಹಿಸಲಾಗದಂತಾಯಿತು.

ಹೇಗಾದರೂ ಅವಳನ್ನು ಹಿಂದೆ ಹಾಕಬೇಕೆಂಬ ಹಟಕ್ಕೆ ಬಿದ್ದಳು. ಬೇಯಿಸಿದ್ದು ಪೂರ್ತಿ ಆರುವ ಮುಂಚೆಯೇ ಹೆಪ್ಪು ಹಾಕಿ ಸಮಯ ಉಳಿಸತೊಡಗಿದಳು. ಒಂದೆರಡು ಸಲ ಹೇಗೋ ನಡೆಯಿತು. ಆಮೇಲೊಂದು ದಿನ ತೊಟ್ಟಿಯಲ್ಲಿ ಸದ್ದೇ ಇಲ್ಲ. ಮುಚ್ಚಳ ತೆಗೆದರೆ ಹುಳಿನಾತ ಮೂಗಿಗೆ ರಪ್ಪನೆ ಬಡಿಯಿತು. ಬಿಸಿಗೆ ಯೀಸ್ಟ್ ಸತ್ತು, ತೊಟ್ಟಿಯೇ ಕೆಟ್ಟುಹೋಗಿತ್ತು.

ಕಿರಿಯವಳು ಬಕೆಟ್ ಹಿಡಿದು ಬಂದಳು. "ಅಕ್ಕ, ನನ್ನ ತೊಟ್ಟಿಯ ಹೆಪ್ಪು. ತೊಗೊಳ್ಳಿ."

"ನಿನ್ನನ್ನ ಯಾರು ಕೇಳಿದ್ರು? ನನ್ನದು ಹಾಳಾಗಿದ್ದು ನೋಡೋಕೆ ಬಂದ್ಯಾ? ಕಣ್ತುಂಬ ನೋಡ್ಕೊಂಡು ಹೋಗು."

"ಪೂರ್ತಿ ಆರಲಿ, ಹೆಪ್ಪಿಗೂ ಜೀವ ಇದೆ ಅಂತ ನನಗೆ ಬೈದಿದ್ದು ನೀವೇ ಅಲ್ವಾ? ನೀವ್ಯಾಕಕ್ಕ ಆತುರ ಪಟ್ರಿ?"

"ನಿನ್ನಿಂದಾನೇ ಕಣೇ!" ದೊಡ್ಡಕ್ಕ ಕೂಗಿದಳು. "ನೀನು ಬರೋ ತನಕ ಎಲ್ಲರೂ ನನ್ನನ್ನೇ ಹೊಗಳ್ತಿದ್ರು."

ಹೇಳಿಬಿಟ್ಟ ಮೇಲೆ ಅವಳಿಗೇ ನಾಚಿಕೆಯಾಯಿತು. ಕಿರಿಯವಳು ನೀರಿನ ಪೈಪು ಎಳೆದು ತಂದಳು. ಇಬ್ಬರೂ ಸೇರಿ ತೊಟ್ಟಿಯನ್ನು ತಿಕ್ಕಿ ತೊಳೆದರು. ಹೊಸದಾಗಿ ಬೇಯಿಸಿದ್ದು ಆರುವವರೆಗೂ ದೊಡ್ಡಕ್ಕ ಪಕ್ಕದಲ್ಲೇ ಕೂತಿದ್ದು, ವಾರಗಿತ್ತಿಯ ಹೆಪ್ಪನ್ನು ತಾನೇ ಸುರಿದಳು. ಮಾರನೆಯ ದಿನ ತೊಟ್ಟಿ ಗುಳುಗುಟ್ಟಿತು. ಯಾರ ಹೆಪ್ಪು ಎಂದು ಮೇಲ್ವಿಚಾರಕರು ಕೇಳಿದಾಗ "ಅವಳದು" ಎನ್ನುವಷ್ಟರಲ್ಲಿ ದೊಡ್ಡಕ್ಕನಿಗೆ ಸಾಕುಸಾಕಾಯಿತು.

ಹೊಟ್ಟೆಕಿಚ್ಚು ಅಷ್ಟಕ್ಕೇ ಆರಲಿಲ್ಲ. ಮೇಲ್ವಿಚಾರಕರು ನಿವೃತ್ತರಾದಾಗ ಆ ಜಾಗಕ್ಕೆ ಕಿರಿಯವಳನ್ನೇ ಕೂರಿಸಿದ ದಿನ ದೊಡ್ಡಕ್ಕ ತಲೆನೋವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮರುದಿನ ಕೆಲಸಕ್ಕೆ ಹೋದಾಗ ಬಾಗಿಲಲ್ಲೇ ಕಿರಿಯವಳು ಎದುರಾದಳು.

"ಇನ್ಮೇಲೆ ನಿನ್ನನ್ನ ಮೇಡಂ ಅನ್ಬೇಕೇನೇ?"

"ಅಂದು ನೋಡಿ, ಅತ್ತೆಗೆ ಹೇಳ್ತೀನಿ."

ದೊಡ್ಡಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಳಗೆ ಹೋದಳು. ಹೋಗುವಾಗ ಕಿರಿಯವಳ ಹೊಸ ಕುರ್ಚಿಯನ್ನು ಒಮ್ಮೆ ಓರೆಗಣ್ಣಿಂದ ನೋಡದೆ ಇರಲಿಲ್ಲ.