ಚಕ್ರಪಾಣಿ ಮೇಷ್ಟ್ರ ಅರೆನೆರಳು ಗ್ರಹಣ

ನನ್ನ ಗಂಡ ಚಕ್ರಪಾಣಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತಿಯಾದ ಮೇಲೆ ಎನ್.ಆರ್. ಕಾಲೋನಿಯ ನಮ್ಮ ಬೀದಿಗೆಲ್ಲ ಗ್ರಹಣದ ಮೇಷ್ಟ್ರಾದರು. ಗೇಟಿಗೆ ಕರಿಹಲಗೆ ತೂಗುಹಾಕಿ, ಗ್ರಹಣ ಹಿಡಿಯುವುದು ಎಷ್ಟಕ್ಕೆ, ಬಿಡುವುದು ಎಷ್ಟಕ್ಕೆ, ಊಟ ಎಷ್ಟರೊಳಗೆ ಮುಗಿಸಬೇಕು ಎಂದು ಬರೆಯುತ್ತಿದ್ದರು. ಪಂಚಾಂಗ ನೋಡಿ ಬರೆದರೆ ಅದರಲ್ಲೇನು ಹೆಚ್ಚುಗಾರಿಕೆ? ಇವರದು ಸ್ವಂತ ಲೆಕ್ಕ. ಒಂದು ಗ್ರಹಣಕ್ಕೆ ಹದಿನೆಂಟು ವರ್ಷ, ಹನ್ನೊಂದು ದಿನ, ಎಂಟು ಗಂಟೆ ಕೂಡಿಸಿದರೆ ಅದೇ ಬಳಗದ ಮುಂದಿನ ಗ್ರಹಣ ಸಿಗುತ್ತದಂತೆ. ನೋಟುಬುಕ್ಕಿನ ತುಂಬ ಅದೇ. ನಮ್ಮ ಮದುವೆ ದಿನ ಯಾವತ್ತು ಅಂತ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ.

2005ರ ಏಪ್ರಿಲ್ ಇಪ್ಪತ್ತನಾಲ್ಕರ ಗ್ರಹಣಕ್ಕೆ ಹಾಗೆ ಕೂಡಿಸಿದಾಗ 2023ರ ಮೇ ಐದು ಬಂತು. ಅಂದು ಬೆಳಿಗ್ಗೆ ಹಲಗೆಯ ಮೇಲೆ ಬರೆದರು: ರಾತ್ರಿ ಚಂದ್ರಗ್ರಹಣ, ಮಧ್ಯಾಹ್ನ ಹನ್ನೆರಡರಿಂದ ಏನೂ ತಿನ್ನಬಾರದು. ಪೂಜೆ ಮುಗಿಯುವುದರೊಳಗೆ ಹನ್ನೆರಡು ದಾಟಿ, ತಮ್ಮ ನಿಯಮಕ್ಕೆ ತಾವೇ ಸಿಕ್ಕಿಬಿದ್ದರು.

ಎರಡು ಗಂಟೆಗೆ ಹಸಿವು ತಡೆಯದೆ ಪಂಚಾಂಗ ತೆಗೆದು ನೋಡಿದರೆ, ಅದರಲ್ಲಿ ಗ್ರಹಣದ ಸುದ್ದಿಯೇ ಇಲ್ಲ! ಆಗ ಇವರಿಗೆ ಹೊಳೆಯಿತು, ಇದು ಅರೆನೆರಳಿನ ಗ್ರಹಣ. ಚಂದ್ರ ಭೂಮಿಯ ಕಡುನೆರಳಿಗೆ ಹೋಗುವುದಿಲ್ಲ, ಹೊರಗಿನ ತೆಳು ನೆರಳಿನಲ್ಲಿ ಹಾದುಹೋಗುತ್ತಾನೆ. ಸ್ವಲ್ಪ ಮಂಕಾದರೂ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಉಪವಾಸವೂ ಇಲ್ಲ, ಸ್ನಾನವೂ ಇಲ್ಲ. 2005ರದ್ದೂ ಅಂಥದ್ದೇ. ಅದು ಇಲ್ಲಿ ಹಗಲಿನಲ್ಲಿ ಆಗಿಹೋಗಿದ್ದರಿಂದ, ಯಾವ ಬಗೆಯದೆಂದು ಇವರು ಬರೆದುಕೊಂಡೇ ಇರಲಿಲ್ಲ.

“ಹೋಗಿ ಹಲಗೆ ಒರೆಸಿ ಬನ್ನಿ” ಅಂದೆ.

“ಬೀದಿಯೋರೆಲ್ಲ ನಗ್ತಾರೆ ಗೋದಾ. ಒಂದು ಹೊತ್ತು ಉಪವಾಸ ಇದ್ರೆ ಯಾರೂ ಸಾಯಲ್ಲ. ಮೊದ್ಲು ಬಡಿಸು.”

ಬೀದಿಗೆಲ್ಲ ಉಪವಾಸ ಹೇಳಿ, ಬಾಗಿಲು ಹಾಕಿಕೊಂಡು ಉಂಡೆವು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಗಾದೆ ನಮ್ಮ ಅಡುಗೆಮನೆಯಲ್ಲೇ ನಡೆದುಹೋಯಿತು. ಹುಳಿ ಬಿಸಿ ಮಾಡಿ ಬಡಿಸಿದ ನನಗೂ ನಾಚಿಕೆ ಇರಲಿಲ್ಲ.

ಕೈ ತೊಳೆಯುವಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಕೂಗಿದರು. ಹೋಗಿ ನೋಡಿದರೆ ಮೂಲೆಯಲ್ಲಿ ಹೂ ಮಾರುವ ಮುನಿಯಕ್ಕ. ಅವಳಿಗೆ ಓದು ಬಾರದು, ಹಲಗೆಯ ಮೇಲಿದ್ದದ್ದನ್ನು ಯಾರೋ ಓದಿ ಹೇಳಿದ್ದರು.

“ಮೇಷ್ಟ್ರೆ, ಶುಗರ್ ಮಾತ್ರೆ ನುಂಗ್ಬಿಟ್ಟಿದೀನಿ. ತಲೆ ತಿರುಗ್ತೈತೆ. ಒಂದ್ ಬನ್ನು ತಿಂದ್ರೆ ದೋಷ ಆಯ್ತದಾ?”

ಇವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಿಜವಾದ ಗ್ರಹಣದಲ್ಲೂ ಕಾಯಿಲೆಯವರಿಗೆ ವಿನಾಯಿತಿ ಉಂಟು. ಅಷ್ಟನ್ನಾದರೂ ಹೇಳಬಹುದಿತ್ತು.

“ಸ್ವಲ್ಪ ತಡ್ಕೊಳಮ್ಮ” ಅಂದರು.

ನಾಲ್ಕೂವರೆಗೆ ಮುನಿಯಕ್ಕ ಹೂವಿನ ಬುಟ್ಟಿಯ ಮೇಲೇ ಬಿದ್ದಳು. ಹಣೆ ಕಲ್ಲಿಗೆ ಬಡಿದು ಐದು ಹೊಲಿಗೆ ಬಿತ್ತು. ಎದುರುಮನೆಯವರು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಎಲ್ಲರೂ ಆ ಕಡೆ ಓಡಿದಾಗ ಇವರು ಪಂಚೆಯ ಅಂಚಿನಿಂದ ಹಲಗೆ ಒರೆಸಿದರು. ನನಗೆ ಇವರ ಮೇಲೆ ಹೇಸಿಗೆಯಾಯಿತು, ನನ್ನ ಮೇಲೂ ಆಯಿತು.

ಅವಳು ಮನೆಗೆ ಬಂದಳೆಂದು ತಿಳಿದ ಮೇಲೆ ಇಬ್ಬರೂ ನೋಡಲು ಹೋದೆವು. ತಲೆಗೆ ಬ್ಯಾಂಡೇಜು ಕಟ್ಟಿಕೊಂಡಿದ್ದವಳು ಎದ್ದು ಕೂತು ಮಗಳಿಗೆ, “ಶಿವರಂಜಿನಿ, ಕುರ್ಚಿ ಹಾಕಮ್ಮ. ಪಾಪ, ವಯಸ್ಸಾದೋರು, ಅವತ್ತು ಅವ್ರೂ ಉಪ್ವಾಸ ಇದ್ರು” ಅಂದಳು.

ಇವರು ಕೂರಲಿಲ್ಲ. “ಅವತ್ತು ಉಪವಾಸ ಇರೋದೇ ಬೇಕಾಗಿರ್ಲಿಲ್ಲ ಮುನಿಯಕ್ಕ. ನೀನು ಬಂದು ಕೇಳಿದಾಗ್ಲೇ ನಂಗೆ ಗೊತ್ತಿತ್ತು. ನಾವಿಬ್ರೂ ಊಟ ಮಾಡಿದ್ವಿ” ಅಂದರು.

ಅವಳು ಉಗಿದಿದ್ದರೆ ಬದುಕಿಕೊಳ್ಳುತ್ತಿದ್ದೆವು. ಅವಳು ನನ್ನ ಕಡೆ ತಿರುಗಿದಳು.

“ಗೇಟಿನ್ ತಾವ ನಿಂತಾಗ ಹುಳಿ ವಾಸ್ನೆ ಬಂತಮ್ಮ. ಪಕ್ಕದ್ಮನೆಯೋರ್ದು ಅನ್ಕೊಂಡು, ಅವ್ರನ್ನ ಮನಸ್ನಲ್ಲೇ ಬೈಕೊಂಡೆ.”